ಪಸ್ತಾಪುರದ ಕ್ಯಾಮೆರಾ, ಮಾಚನೂರಿನ ಬಾನುಲಿ

ಬೀದರಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ ಜಹೀರಾಬಾದು ಸಿಗುತ್ತದೆ. ಇಂದು ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿತ್ತು. ನಕ್ಷೆಯಲ್ಲಿ ಗೆರೆ ಬದಲಾಯಿತೇ ಹೊರತು ನೆಲ ಬದಲಾಗಲಿಲ್ಲ. ದಿಣ್ಣೆಯಲ್ಲಿ ಕೆಂಪು ಜಂಬಿಟ್ಟಿಗೆ, ತಗ್ಗಿನಲ್ಲಿ ಎರೆ. ಮಳೆಯನ್ನೇ ನಂಬಿ ನಿಂತ ಜೋಳ, ತೊಗರಿ, ನವಣೆ. ಝರಾಸಂಗಮದ ಕೇತಕೀ ಸಂಗಮೇಶ್ವರನ ದರ್ಶನಕ್ಕೆಂದು ನಮ್ಮ ಬೀದರ, ಕಲಬುರ್ಗಿ ಕಡೆಯ ಯಾತ್ರಿಕರು ಈ ಸೀಮೆಗೆ ಹೋಗಿಬರುವುದುಂಟು. ಆದರೆ ಜಹೀರಾಬಾದಿಗೆ ಅಂಟಿಕೊಂಡಂತಿರುವ ಪಸ್ತಾಪುರವನ್ನಾಗಲಿ, ಝರಾಸಂಗಮದ ಕಡೆಯ ಮಾಚನೂರನ್ನಾಗಲಿ ನೋಡಲೆಂದು ಬಸ್ಸಿನಿಂದ ಇಳಿಯುವವರು ವಿರಳ. ಅಲ್ಲಿ ನೋಡಬೇಕಾದದ್ದು ಕೋಟೆಯಲ್ಲ, ಗೋಪುರವಲ್ಲ. ಹೊಲದಲ್ಲಿ ಕಳೆ ಕೀಳುವ ಕೈಗಳು ಕಲಿತ ಒಂದು ಹೊಸ ವಿದ್ಯೆ.

1983ರಲ್ಲಿ ಪ್ರಾರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಕಾರ್ಯಕ್ಷೇತ್ರವಿದು. ಸುಮಾರು 75 ಹಳ್ಳಿಗಳಲ್ಲಿ ಬಡ ಹೆಂಗಸರು, ಅವರಲ್ಲಿಯೂ ಬಹುಪಾಲು ದಲಿತರು, 'ಸಂಘಂ'ಗಳಾಗಿ ಕೂಡಿಕೊಂಡರು. ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನವರು, 2023ರಲ್ಲಿ ನಿಧನರಾದರು. ಈ ಕೆಲಸಕ್ಕೆ ಬರುವ ಮುನ್ನ ಅವರು ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದರು. 1975-76ರಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ನಮ್ಮ ದೇಶದ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ಪ್ರಯೋಗದಲ್ಲಿಯೂ ದುಡಿದವರು. ಆ ಪ್ರಯೋಗ ದೊಡ್ಡದೇ, ಸಂದೇಹವಿಲ್ಲ. ಆದರೆ ಪೆಟ್ಟಿಗೆ ಮಾತನಾಡುತ್ತಿತ್ತು, ಹಳ್ಳಿ ಕೇಳುತ್ತಿತ್ತು. ಹಳ್ಳಿ ಮರುಮಾತನಾಡುವುದಕ್ಕೆ ಅದರಲ್ಲಿ ಎಡೆಯಿರಲಿಲ್ಲ.

ಪಸ್ತಾಪುರದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಸಂಘದ ಕೆಲವು ಹೆಂಗಸರ ಕೈಗೆ ವಿಡಿಯೋ ಕ್ಯಾಮೆರಾ ಬಂತು. ಕಲಿಯಲು ಬಂದವರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಂತ್ರದ ಗುಂಡಿಗಳ ಮೇಲೆ ಇಂಗ್ಲಿಷು. ಅವರಿಗೋ ತೆಲುಗು ಅಕ್ಷರವೂ ಅಪರಿಚಿತ. ಇಂಥವರಿಗೆ ಯಂತ್ರದ ಪಾಠ ಹೇಳುವುದು ಹೇಗೆ? ಪಟ್ಟಣದಲ್ಲಿ ನಾವಾದರೆ ಮೊದಲು ಪುಸ್ತಕ ಓದಿ, ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿ, ಆಮೇಲೆ ಯಂತ್ರ ಮುಟ್ಟುತ್ತೇವೆ. ಅವರು ಆ ಪದಗಳನ್ನು ಬದಿಗೊತ್ತಿ, ತಮ್ಮ ಬಾಳಿನಿಂದಲೇ ಬೇರೆ ಹೆಸರುಗಳನ್ನು ಹುಡುಕಿಕೊಂಡರು.

ಕ್ಯಾಮೆರಾವನ್ನು ನೆಲಕ್ಕೆ ತಗ್ಗಿಸಿ ಮೇಲ್ಮುಖವಾಗಿ ಹಿಡಿದರೆ ಎದುರಿನ ವ್ಯಕ್ತಿ ದೈತ್ಯನಂತೆ ಕಾಣುತ್ತಾನೆ. ಜಗುಲಿಯ ಮೇಲೆ ಕುಳಿತ ಪಟೇಲನನ್ನು ಕೆಳಗೆ ಕುಳಿತ ಜೀತದಾಳು ನೋಡುವುದು ಹೀಗೆಯೇ ಅಲ್ಲವೆ? ಅದು 'ಜೀತದಾಳಿನ ಷಾಟ್' ಆಯಿತು. ಎತ್ತರದಿಂದ ಕೆಳಮುಖವಾಗಿ ಹಿಡಿದರೆ ಎದುರಿನವರು ಕುಗ್ಗಿ ಹುಳದಂತಾಗುತ್ತಾರೆ. ಅದು 'ಪಟೇಲನ ಷಾಟ್'. ಕಣ್ಣಿಗೆ ಕಣ್ಣು ಸಮನಾಗಿ ಹಿಡಿದದ್ದು 'ಸಂಘಂ ಷಾಟ್'. ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂಡುತ್ತಾರೆ. ಚಲಚ್ಚಿತ್ರ ಶಾಸ್ತ್ರದ ದೊಡ್ಡ ಗ್ರಂಥಗಳು ಪುಟಗಟ್ಟಲೆ ವಿವರಿಸುವ ವಿಷಯ ಇಲ್ಲಿ ಮೂರು ಮಾತಿನಲ್ಲಿ ಮುಗಿದಿದೆ. ತಲೆತಲಾಂತರದಿಂದ ತಲೆ ತಗ್ಗಿಸಿಯೇ ನಡೆದವರ ಕೈಯಲ್ಲಿ ಈಗ ನೋಟದ ಎತ್ತರವನ್ನು ನಿರ್ಧರಿಸುವ ಅಧಿಕಾರ! ಯಂತ್ರದ ಭಯ ಬಿಟ್ಟದ್ದಕ್ಕಿಂತ ಇದು ಹೆಚ್ಚಿನದೆಂದು ನನಗೆ ತೋರುತ್ತದೆ.

ಚಿತ್ರಕ್ಕೆ ವಸುವಿಗೇನೂ ಬರವಿರಲಿಲ್ಲ. ಬೀಜ ಕಾಯ್ದಿಡುವ ಬಗೆ, ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆರೆಸಿ ಬಿತ್ತುವ ಕ್ರಮ, ಸಂಕ್ರಾಂತಿಯ ಹೊತ್ತಿಗೆ ಹಳೆಯ ತಳಿಗಳ ಬೀಜವನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಊರೂರಿಗೆ ಒಯ್ಯುವ ಜಾತ್ರೆ, ಇವೆಲ್ಲ ಅವರಿಗೆ ಅಂಗೈ ನೆಲ್ಲಿಕಾಯಿ. 2001ರಲ್ಲಿ ಇವರದೇ ಒಂದು ಮಾಧ್ಯಮ ಟ್ರಸ್ಟ್ ಏರ್ಪಟ್ಟಿತು. ಮರುವರ್ಷ ಭಾರತದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತಾಗ ಈ ಹೆಂಗಸರು ಕ್ಯಾಮೆರಾ ಹೊತ್ತು ವಾರಂಗಲ್ಲಿಗೆ ಹೋದರು. ಹತ್ತಿ ಬೆಳೆದ ರೈತರ ಹೊಲಕ್ಕೆ ಮತ್ತೆ ಮತ್ತೆ ಹೋಗಿ ಅವರು ಹೇಳಿದ್ದನ್ನು ದಾಖಲಿಸಿದರು. 2003ರಲ್ಲಿ ಹೊರಬಂದ ಆ ಚಿತ್ರ ಬೇರೆ ಬೇರೆ ಭಾಷೆಗಳಿಗೂ ಹೋಯಿತು. ಅದರ ಅಭಿಪ್ರಾಯವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಪ್ರಶ್ನೆ ಕೇಳಿದವಳೂ ಉತ್ತರ ಹೇಳಿದವನೂ ಇಬ್ಬರೂ ಒಕ್ಕಲುಮಕ್ಕಳೆಂಬುದು ಪಟ್ಟಣದ ವರದಿಗಾರನಿಗೆ ಎಟುಕುವ ಅನುಕೂಲವಲ್ಲ.

ಬಾನುಲಿಯ ಕಥೆ ತಾಳ್ಮೆಯದು. ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ಕೇಂದ್ರವೇನೋ ಮೊದಲೇ ಸಿದ್ಧವಾಯಿತು. ಪ್ರಸಾರಕ್ಕೆ ಸರ್ಕಾರದ ಅಪ್ಪಣೆ ಇಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪು ಕೊಟ್ಟಿದ್ದರೂ ಇಂಥ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಅವರು ಕೈಕಟ್ಟಿ ಕೂಡಲಿಲ್ಲ. ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ, ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸಿನಲ್ಲಿ 'ಸಂಘಂ ರೇಡಿಯೋ' ದನಿಗೂಡಿತು. ಉದ್ಘಾಟಿಸಿದವರು ಆ 1995ರ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತ್ ಅವರೇ.

ಕೇಂದ್ರವನ್ನು ನಡೆಸಿದವರು ನರಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ಮಹಿಳೆಯರು. ಆಡಿದ್ದು ಆ ಸೀಮೆಯ ತೆಲುಗನ್ನೇ. ಗ್ರಂಥಸ್ಥ ಭಾಷೆಯ ಗೋಜಿಗೆ ಹೋಗಲಿಲ್ಲ. ಪ್ರಸಾರಕ್ಕೆ ಆರಿಸಿಕೊಂಡದ್ದು ಸಂಜೆಯ ಹೊತ್ತು, ಹೊಲದಿಂದ ಮರಳಿ ಒಲೆ ಹಚ್ಚುವ ಸಮಯ. ಬೀಸುವ ಹಾಡು, ನಾಟಿ ಔಷಧ, ಬಿತ್ತನೆಯ ಮಾತು ಎಲ್ಲವೂ ಬಂದವು. ಹಗಲು ಮೈಕಿನ ಮುಂದೆ ಹಾಡಿದ ಮುದುಕಿ ರಾತ್ರಿ ರೊಟ್ಟಿ ತಟ್ಟುತ್ತ ತನ್ನ ದನಿಯನ್ನು ತಾನೇ ಕೇಳುವಂತಾಯಿತು.