ಟ್ಯಾಲಿನ್‌ನಲ್ಲಿ ಎರಡು ರಾತ್ರಿ, ಮೊಮ್ಮಗನ ಒಂದು ಪ್ರಶ್ನೆ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಎಸ್ಟೋನಿಯಾ ಅಂತ ಒಂದು ಪುಟ್ಟ ದೇಶ ಇದೆ. ಇಡೀ ದೇಶದ ಜನಸಂಖ್ಯೆ ಸುಮಾರು 13 ಲಕ್ಷ, ಅಷ್ಟೇ. ಅದರ ರಾಜಧಾನಿ ಟ್ಯಾಲಿನ್. ಈ ಊರಿನ ಹೆಸರನ್ನು ಹೋದ ವರ್ಷದವರೆಗೆ ನಾನು ಕೇಳಿಯೇ ಇರಲಿಲ್ಲ. ಮಗ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾನೆ. ಜೂನ್ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ ನಮ್ಮ ಮದುವೆಯ ನಲವತ್ತನೇ ವರ್ಷ ಅಂತ ಎರಡು ರಾತ್ರಿಯ ಪ್ರವಾಸ ಬುಕ್ ಮಾಡಿಬಿಟ್ಟ. "ಅಮ್ಮಾ, ಒಂದು ಸಲನಾದ್ರೂ ಐಷಾರಾಮವಾಗಿ ಇರಿ. ಎಷ್ಟಾಯ್ತು ಅಂತ ಮಾತ್ರ ಕೇಳಬೇಡಿ" ಅಂದ. ನಾನೂ ಕೇಳಲಿಲ್ಲ. ಕೇಳಿದ್ದರೆ ಆ ಮೆತ್ತನೆಯ ಹಾಸಿಗೆಯ ಮೇಲೂ ನಿದ್ದೆ ಬರುತ್ತಿರಲಿಲ್ಲ!

ಶಾಲೆಗೆ ಬೇಸಿಗೆ ರಜೆ ಇದ್ದುದರಿಂದ ಹನ್ನೆರಡು ವರ್ಷದ ಮೊಮ್ಮಗನೂ ನಮ್ಮ ಜೊತೆ ಹೊರಟ. ಅವನು ಹುಟ್ಟಿದ್ದು ಅಲ್ಲೇ. ಶಾಲೆಯಲ್ಲಿ ಫಿನ್ನಿಶ್, ಮನೆಯಲ್ಲಿ ಇಂಗ್ಲಿಷ್. ನಾವು ಕನ್ನಡದಲ್ಲಿ ಮಾತಾಡಿದರೆ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಓದು ಬರಹ ಬರುವುದಿಲ್ಲ. ಇದು ನನ್ನ ಮನಸ್ಸಿನಲ್ಲಿದ್ದ ಕೊರಗು. ಆದರೆ ಸೊಸೆಗೂ ಮಗನಿಗೂ ಕೆಲಸದ ಒತ್ತಡ. ನಾಲ್ಕು ದಿನಕ್ಕೆ ಬಂದು ಹೋಗುವ ನಾವು ಏನು ಹೇಳೋದು ಅಂತ ಸುಮ್ಮನಿದ್ದೆ.

ಹೆಲ್ಸಿಂಕಿಯಿಂದ ಟ್ಯಾಲಿನ್‌ಗೆ ಸುಮಾರು 80 ಕಿಲೋಮೀಟರ್. ದೊಡ್ಡ ಹಡಗಿನಲ್ಲಿ ಎರಡು ಗಂಟೆಯ ಪ್ರಯಾಣ. ದಡ ಹತ್ತಿರ ಬರುತ್ತಿದ್ದ ಹಾಗೆ ಮೊದಲು ಕಾಣುವುದು ಚರ್ಚುಗಳ ಚೂಪು ಗೋಪುರಗಳು. ಅದರಲ್ಲಿ ಸೇಂಟ್ ಓಲಾಫ್ ಚರ್ಚಿನದು ಸುಮಾರು 124 ಮೀಟರ್ ಎತ್ತರ. ಹಿಂದಿನ ಕಾಲದ ನಾವಿಕರು ಅದನ್ನೇ ಗುರುತಾಗಿಟ್ಟುಕೊಂಡು ಬಂದರಿಗೆ ಬರುತ್ತಿದ್ದರಂತೆ.

ನಮ್ಮ ಹೋಟೆಲು ಹಳೇ ಪೇಟೆಯ ಒಳಗೇ ಇತ್ತು. ಮಧ್ಯಯುಗದ ವ್ಯಾಪಾರಿಯೊಬ್ಬನ ಮನೆಯನ್ನು ಹೋಟೆಲ್ ಮಾಡಿದ್ದಾರೆ. ನಮ್ಮ ಯಜಮಾನರು ನಿವೃತ್ತ ಇತಿಹಾಸ ಉಪನ್ಯಾಸಕರು, ಕೇಳಬೇಕೇ? ಪೆಟ್ಟಿಗೆ ಇಳಿಸುವ ಮೊದಲೇ ಪಾಠ ಶುರು. ಉತ್ತರ ಯುರೋಪಿನ ವ್ಯಾಪಾರಿ ಪಟ್ಟಣಗಳೆಲ್ಲ ಸೇರಿ ಹನ್ಸಿಯಾಟಿಕ್ ಲೀಗ್ ಅಂತ ಒಂದು ಕೂಟ ಕಟ್ಟಿಕೊಂಡಿದ್ದವು. ಪಶ್ಚಿಮದಿಂದ ಉಪ್ಪು, ಬಟ್ಟೆ ಬರುತ್ತಿತ್ತು. ರಷ್ಯಾ ಕಡೆಯಿಂದ ತುಪ್ಪಳದ ಚರ್ಮ, ಮೇಣ ಬರುತ್ತಿತ್ತು. ನಡುವೆ ನಿಂತು ವ್ಯಾಪಾರ ಮಾಡಿದ್ದು ಈ ಊರು. ಆಗ ಇದರ ಹೆಸರು ರೆವಾಲ್. "ಉಪ್ಪಿನ ಮೇಲೆ ಕಟ್ಟಿದ ಊರು" ಅಂತಲೇ ಹೇಳುವುದುಂಟು. ವ್ಯಾಪಾರಿಯ ಸಂಸಾರ ಕೆಳಗೆ, ಮೇಲಿನ ಅಂತಸ್ತುಗಳೆಲ್ಲ ಉಗ್ರಾಣ. ಮೂಟೆಗಳನ್ನು ಹಗ್ಗ ಕಟ್ಟಿ ಮೇಲೆಳೆಯಲು ಮನೆಯ ನೆತ್ತಿಯಲ್ಲಿ ಚಾಚಿಕೊಂಡ ಮರದ ತೊಲೆ ಈಗಲೂ ಇದೆ. ನಾವು ಮಲಗಿದ ಕೋಣೆಯಲ್ಲಿ ಒಂದು ಕಾಲಕ್ಕೆ ಮೂಟೆಗಳು ಮಲಗಿದ್ದವು ಅಂತ ನೆನೆಸಿಕೊಂಡು ನಗು ಬಂತು.

ಐಷಾರಾಮ ಅಂದರೆ ಏನೇನಿತ್ತು ಅಂತ ನೀವು ಕೇಳಬಹುದು. ದಪ್ಪ ಕಲ್ಲಿನ ಗೋಡೆ, ಬಿಳಿ ಹಾಸಿಗೆ, ಕಿಟಕಿಯಲ್ಲಿ ಕೆಂಪು ಹೆಂಚಿನ ಸೂರುಗಳ ಸಾಲು. ಜೊತೆಗೆ ಸೌನಾ. ಮರದ ಹಲಗೆ ಬಡಿದ ಬಿಸಿ ಕೋಣೆ, ಕಾದ ಕಲ್ಲಿನ ಮೇಲೆ ನೀರು ಹಾಕಿದರೆ ಭುಸ್ಸೆಂದು ಹಬೆ. ದೀಪಾವಳಿಯ ಎಣ್ಣೆಸ್ನಾನದ ದಿನ ಹಂಡೆ ಒಲೆ ಪಕ್ಕ ಕೂತ ಹಾಗಿತ್ತು. ಮಂಡಿನೋವಿಗೆ ಬಹಳ ಹಿತವಾಯಿತು. ಬೆಳಗಿನ ತಿಂಡಿಗೆ ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಸ್ವಲ್ಪ ಹುಳಿ. ಅಲ್ಲಿಯವರಿಗೆ ಅದು ನಮ್ಮ ರಾಗಿಮುದ್ದೆ ಇದ್ದ ಹಾಗೆ. ಬೆಣ್ಣೆ ಹಚ್ಚಿ, ಮೇಲೆ ನಾನು ಒಯ್ದ ಚಟ್ನಿಪುಡಿ ಉದುರಿಸಿ ತಿಂದೆವು. ಬಡಿಸುವ ಹುಡುಗಿ ಕುತೂಹಲದಿಂದ ನೋಡಿದಳು. ಅವಳಿಗೂ ಒಂದು ಚೂರು ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಚೆನ್ನಾಗಿದೆ ಅಂದಳು, ಪಾಪ!

ಹಳೇ ಪೇಟೆ 1997ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಸುತ್ತಲಿನ ಕೋಟೆಗೋಡೆ ಸುಮಾರು ಎರಡು ಕಿಲೋಮೀಟರ್‌ನಷ್ಟು ಇನ್ನೂ ಉಳಿದಿದೆ, ಬುರುಜುಗಳೇ ಇಪ್ಪತ್ತಕ್ಕೂ ಹೆಚ್ಚು. ನನಗೆ ಇಷ್ಟವಾದದ್ದು ಟೌನ್‌ಹಾಲ್ ಚೌಕದ ಔಷಧಿ ಅಂಗಡಿ. 1422ರ ದಾಖಲೆಯಲ್ಲೇ ಅದರ ಹೆಸರಿದೆ. ಬುರ್ಕಾರ್ಟ್ ಅನ್ನುವ ಒಂದೇ ಮನೆತನದವರು ಹತ್ತು ತಲೆಮಾರು ಅದನ್ನು ನಡೆಸಿದರಂತೆ. ಮಾರ್ಜಿಪಾನ್, ಅಂದ್ರೆ ಹೆಚ್ಚುಕಡಿಮೆ ನಮ್ಮ ಬಾದಾಮಿ ಬರ್ಫಿ, ಆಗ ಔಷಧಿಯಾಗಿ ಮಾರಾಟವಾಗುತ್ತಿತ್ತಂತೆ. ಅಂಥ ಔಷಧಿ ಆದರೆ ದಿನಾ ಮೂರು ಹೊತ್ತು ತಗೋತೀನಿ ಅಂದರು ನಮ್ಮವರು. ಸಕ್ಕರೆ ಕಾಯಿಲೆ ನೆನಪಿಸಿದೆ.

ಬೀದಿಯಲ್ಲಿ ಮೊಮ್ಮಗನೇ ನಮ್ಮ ಗೈಡ್. ಎಸ್ಟೋನಿಯನ್ ಮತ್ತು ಫಿನ್ನಿಶ್ ಅಕ್ಕತಂಗಿ ಭಾಷೆಗಳು. ಬೋರ್ಡು ಓದಿ, "ಅಜ್ಜಿ, ಮೆರಿ ಅಂದ್ರೆ ಸಮುದ್ರ, ಕಲ ಅಂದ್ರೆ ಮೀನು, ಕಿವಿ ಅಂದ್ರೆ ಕಲ್ಲು, ನಮ್ಮಲ್ಲೂ ಇದೇ ವರ್ಡ್ಸ್" ಅಂತ ಕುಣಿದ. ನಾನು ಅವನ ಕಿವಿ ಹಿಡಿದು, "ನಮ್ಮಲ್ಲಿ ಇದು ಕಿವಿ" ಅಂದೆ. ಜೋರಾಗಿ ನಕ್ಕ.

ಎರಡನೇ ದಿನ ಊರಾಚೆಯ ಹಾಡುಹಬ್ಬದ ಮೈದಾನಕ್ಕೆ ಹೋದೆವು. ಕಮಾನಿನಂಥ ದೊಡ್ಡ ವೇದಿಕೆ, ಎದುರಿಗೆ ಇಳಿಜಾರು ಹುಲ್ಲುಗಾವಲು. ಅವತ್ತು ಅಲ್ಲಿ ಯಾರೂ ಇರಲಿಲ್ಲ. ಹುಲ್ಲಿನ ಮೇಲೆ ಕೂತು ತಾತ ಕಥೆ ಹೇಳಿದರು. 1869ರಲ್ಲಿ ಶುರುವಾದ ಹಬ್ಬ ಇದು. ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಸಾವಿರಾರು ಜನ ಒಟ್ಟಿಗೆ ನಿಂತು ತಮ್ಮ ಭಾಷೆಯಲ್ಲಿ ಹಾಡುತ್ತಾರೆ. ಡೇನರು, ಜರ್ಮನ್ನರು, ಸ್ವೀಡರು, ರಷ್ಯನ್ನರು ಅಂತ ಶತಮಾನಗಟ್ಟಲೆ ಬೇರೆಯವರೇ ಆಳಿದ ನೆಲ. ಸೋವಿಯತ್ ಕಾಲದಲ್ಲಿ ಕೆಲವು ಹಾಡುಗಳಿಗೆ ನಿಷೇಧ ಇತ್ತು. 1988ರಲ್ಲಿ ಜನ ಇದೇ ಮೈದಾನದಲ್ಲಿ ಲಕ್ಷಗಟ್ಟಲೆ ಸೇರಿ ಹಾಡಿದರು. ಮರುವರ್ಷ ಆಗಸ್ಟ್ 23ರಂದು ಇಲ್ಲಿಂದ ಲಾಟ್ವಿಯಾ ದಾಟಿ ಲಿಥುವೇನಿಯಾದ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಉದ್ದಕ್ಕೆ, ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರವಾಯಿತು. ಅದಕ್ಕೇ ಇದನ್ನು ಹಾಡಿನ ಕ್ರಾಂತಿ ಅನ್ನುತ್ತಾರೆ.

ಮೊಮ್ಮಗ ಸುಮ್ಮನೆ ಕೇಳುತ್ತಿದ್ದ. ಆಮೇಲೆ, "ಅಜ್ಜಿ, ಕನ್ನಡ ಎಷ್ಟು ಜನ ಮಾತಾಡ್ತಾರೆ?" ಅಂದ. 2011ರ ಜನಗಣತಿ ಪ್ರಕಾರ ನಾಲ್ಕು ಕೋಟಿಗಿಂತ ಹೆಚ್ಚು ಅಂದೆ. ಫೋನಿನಲ್ಲಿ ಲೆಕ್ಕ ಹಾಕಿದ. "ಈ ಕಂಟ್ರಿಗಿಂತ ಥರ್ಟಿ ಟೈಮ್ಸ್! ಮತ್ತೆ ನಂಗೆ ಯಾಕೆ ಓದೋಕೆ ಬರಲ್ಲ?"

ಅವನ ದನಿಯಲ್ಲಿ ದೂರು ಇರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದೊಡ್ಡ ಸಂಖ್ಯೆ ಇದ್ದ ಮಾತ್ರಕ್ಕೆ ಭಾಷೆ ಮಗುವಿನ ಬಾಯಿಗೆ ಬರುವುದಿಲ್ಲ, ಯಾರಾದರೂ ಪಕ್ಕದಲ್ಲಿ ಕೂತು ಕೊಡಬೇಕು. 13 ಲಕ್ಷ ಜನರ ಈ ದೇಶದಲ್ಲಿ ವಿಶ್ವವಿದ್ಯಾಲಯದ ಪಾಠವೂ, ಆಸ್ಪತ್ರೆಯ ಚೀಟಿಯೂ ಅವರ ಭಾಷೆಯಲ್ಲೇ ಸಿಗುತ್ತದೆ. ಅದು ತಾನಾಗಿ ಬಂದದ್ದಲ್ಲ. "ಕಲಿಸೋರು ಇರಲಿಲ್ಲ ಪುಟ್ಟಾ. ನಾನು ಕಲಿಸ್ತೀನಿ, ಕಲೀತೀಯಾ?" ಅಂದೆ. "ಓಕೆ" ಅಂದ.

ಆ ರಾತ್ರಿ ಹತ್ತೂವರೆಗೂ ಬೆಳಕಿತ್ತು. ಹೋಟೆಲಿನ ಕಾಗದದ ಮೇಲೆ ಅವನ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟೆ. ತಿದ್ದಿ ತಿದ್ದಿ ಒಂದು ಹಾಳೆ ತುಂಬಿಸಿದ.

ಹೋಗುವ ಯೋಚನೆ ಇದ್ದವರಿಗೆ ಎರಡು ಮಾತು. ಹಳೇ ಪೇಟೆ ನೋಡಲು ಎರಡು ದಿನ ಸಾಕು. ಬೀದಿಗೆಲ್ಲ ಗುಂಡುಕಲ್ಲು ಹಾಸಿದ್ದಾರೆ, ಚಪ್ಪಲಿ ಬೇಡ, ಗಟ್ಟಿ ಶೂ ಇರಲಿ. ಜೂನ್‌ನಲ್ಲೂ ಸಮುದ್ರದ ಗಾಳಿ ಚಳಿ ಹುಟ್ಟಿಸುತ್ತದೆ, ಸ್ವೆಟರ್ ಬೇಕು. ಹಾಗೇ ಹಾಡಿನ ಮೈದಾನವನ್ನು ಬಿಡಬೇಡಿ.

ಈಗ ನಾನು ಮೈಸೂರಿನಲ್ಲಿ, ಅವನು ಹೆಲ್ಸಿಂಕಿಯಲ್ಲಿ. ಶನಿವಾರ, ಭಾನುವಾರ ಫೋನಿನಲ್ಲಿ ಅರ್ಧ ಗಂಟೆ ಪಾಠ. ವರ್ಣಮಾಲೆ ಮುಗಿದು ಕಾಗುಣಿತ ನಡೀತಿದೆ. ಲ ಮತ್ತು ಳ ಇನ್ನೂ ಜಗಳ ಆಡುತ್ತಿವೆ, ಒತ್ತಕ್ಷರ ಕಂಡರೆ ಮುಖ ಸಿಂಡರಿಸುತ್ತಾನೆ. ಒಂದೊಂದು ವಾರ ಫುಟ್‌ಬಾಲ್ ಇದೆ ಅಂತ ತಪ್ಪಿಸಿಕೊಳ್ಳುವುದೂ ಉಂಟು. ಆದರೆ ಹೋದ ವಾರ ಅವನಿಂದ ಒಂದು ಮೆಸೇಜ್ ಬಂತು. ಕನ್ನಡ ಅಕ್ಷರದಲ್ಲಿ, ಒಂದೇ ಸಾಲು: "ಅಜ್ಜಿ ಊಟ ಆಯಿತಾ".