ಕೈ ಮುಟ್ಟದ ಕಾಗದ

1999ರ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಬಲಗೈಗೆ ನೀರಿನ ಚೊಂಬು ಎತ್ತಲಾಗಲಿಲ್ಲ. ಅದಕ್ಕೂ ಮೂರು ತಿಂಗಳ ಹಿಂದಿನಿಂದ ಮಣಿಕಟ್ಟು ಉರಿಯುತ್ತಿತ್ತು. ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಮುಲಾಮು ತಿಕ್ಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿಗಳನ್ನು ಬರೆಯುವ ಕೆಲಸ ನನ್ನದು. ಕೈಪಿಡಿಗಿಂತ ಹೆಚ್ಚಾಗಿ ಬರೆಯುತ್ತಿದ್ದದ್ದು ಇಮೇಲ್. ದಿನಕ್ಕೆ ನಲವತ್ತು, ಐವತ್ತು. ವೈದ್ಯರು ಆರ್‌ಎಸ್‌ಐ ಎಂದರು. ಒಂದೇ ಸಣ್ಣ ಚಲನೆಯನ್ನು ಬಿಡುವಿಲ್ಲದೆ ಮಾಡಿಮಾಡಿ ಸ್ನಾಯುಗಳೂ ನರಗಳೂ ಕೆಡುವ ತೊಂದರೆ. ಆರು ವಾರ ಕೀಬೋರ್ಡ್ ಮುಟ್ಟಕೂಡದು ಎಂದು ಕೈಗೆ ಪಟ್ಟಿ ಕಟ್ಟಿ ಕಳಿಸಿದರು.

ಟೈಪಿಂಗಿನಿಂದ ಕೈ ಹೇಗೆ ಕೆಟ್ಟಿತೆಂದು ನನಗೆ ಅರ್ಥವಾಗಲಿಲ್ಲ. ಎಂಬತ್ತರ ದಶಕದಲ್ಲಿ ನಮ್ಮೂರು ಸಾಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಎರಡನ್ನೂ ಮುಗಿಸಿದ್ದೆ. ಆ ಗೋದ್ರೆಜ್ ಯಂತ್ರದ ಕೀಲಿಗಳನ್ನು ಬಲವಾಗಿ ಕುಟ್ಟಬೇಕಿತ್ತು, ಆದರೂ ಕೈ ನೋಯಲಿಲ್ಲ. ಆಮೇಲೆ ಯೋಚಿಸಿದಾಗ ಹೊಳೆಯಿತು: ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದಾಗ ಗಂಟೆ ಬಾರಿಸುತ್ತಿತ್ತು, ಕೈ ಎತ್ತಿ ಕ್ಯಾರೇಜ್ ತಳ್ಳಬೇಕಿತ್ತು. ಪುಟ ಮುಗಿದರೆ ಹಾಳೆ ತೆಗೆದು, ಕಾರ್ಬನ್ ಜೋಡಿಸಿ, ಹೊಸ ಹಾಳೆ ಸುತ್ತಬೇಕಿತ್ತು. ಬೆರಳಿಗೆ ಬೇಕಾದ ವಿರಾಮ ಕೆಲಸದೊಳಗೇ ಇತ್ತು. ಕಂಪ್ಯೂಟರ್ ಬಂದು ಗಂಟೆಯನ್ನೂ ಹಾಳೆಯನ್ನೂ ತೆಗೆಯಿತು, ಮೌಸ್ ಕೊಟ್ಟಿತು. ಇಮೇಲ್ ಬಂದು, ಎದ್ದು ಪಕ್ಕದ ಕೋಣೆಗೆ ನಡೆದುಹೋಗುವುದನ್ನೂ ತಪ್ಪಿಸಿತು.

ಅಮೆರಿಕಕ್ಕೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಒಂದು ಡಬ್ಬಿ ತಂದುಕೊಟ್ಟರು. ಒಳಗೆ ಒಂದು ಸಿಡಿ, ಬಾಯಿಯ ಮುಂದೆ ಬಾಗುವ ಮೈಕು ಇದ್ದ ಒಂದು ಹೆಡ್‌ಸೆಟ್. ಮಾತು ಕೇಳಿ ಬರೆಯುವ ತಂತ್ರಾಂಶ. ಆಗ ಅದರ ಚರಿತ್ರೆ ಬಹಳ ಹಿಂದಿನದೇನಲ್ಲ. ಜೇಮ್ಸ್ ಬೇಕರ್, ಜಾನೆಟ್ ಬೇಕರ್ ದಂಪತಿ 1982ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಡ್ರ್ಯಾಗನ್ ಸಿಸ್ಟಮ್ಸ್ ಕಟ್ಟಿದರು. 1990ರಲ್ಲಿ ಅವರು ಡ್ರ್ಯಾಗನ್‌ಡಿಕ್ಟೇಟ್ ಮಾರುಕಟ್ಟೆಗೆ ತಂದಾಗ ಬೆಲೆ 9,000 ಡಾಲರ್. ಅದರೆದುರು ಒಂದೊಂದು ಪದವನ್ನೂ ಬಿಡಿಸಿ, ನಡುವೆ ತಡೆದು ಹೇಳಬೇಕಿತ್ತು. 1997ರಲ್ಲಿ ಬಂದ ನ್ಯಾಚುರಲಿಸ್ಪೀಕಿಂಗ್ ಸರಾಗವಾಗಿ ಆಡಿದ ಮಾತನ್ನು ಹಿಡಿಯಿತು. ಅದೇ ವರ್ಷ ಐಬಿಎಂನ ವಯಾವಾಯ್ಸ್ ಕೂಡ ಬಂತು. ಮೂರು ವರ್ಷ ಮೊದಲು ಕೈ ಕೆಟ್ಟಿದ್ದರೆ ನನಗೆ ದಾರಿಯೇ ಇರುತ್ತಿರಲಿಲ್ಲ.

ಮೊದಲು ಯಂತ್ರಕ್ಕೆ ನನ್ನ ಧ್ವನಿಯ ಪರಿಚಯ ಆಗಬೇಕಿತ್ತು. ಪರದೆಯ ಮೇಲೆ ಬರುವ ಇಂಗ್ಲಿಷ್ ಗದ್ಯವನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಗಟ್ಟಿಯಾಗಿ ಓದಿದೆ. ಯಂತ್ರ ಕಲಿತು ಬಂದದ್ದು ಅಮೆರಿಕನ್ನರ ಉಚ್ಚಾರಣೆಯನ್ನು. ಸಾಗರದಲ್ಲಿ ಇಂಗ್ಲಿಷ್ ಕಲಿತವಳ ಉಚ್ಚಾರಣೆ ಅದಕ್ಕೆ ಹೊಸದು. ವಾರ ಕಳೆಯುವಷ್ಟರಲ್ಲಿ ನಾನು ರಕಾರವನ್ನು ನಾಲಿಗೆ ಮಡಚಿ ಹೇಳುವುದನ್ನೂ ವಕಾರವನ್ನು ತುಟಿ ಕೂಡಿಸಿ ಹೇಳುವುದನ್ನೂ ರೂಢಿಸಿಕೊಂಡಿದ್ದೆ. ಊಟದ ಹೊತ್ತಿನಲ್ಲೂ ಆ ಧ್ವನಿ ಹೊರಡುತ್ತಿತ್ತು. ಅದು ನನಗೆ ಹಿಡಿಸಲಿಲ್ಲ, ಆದರೆ ಸಂಬಳ ಬರುತ್ತಿದ್ದದ್ದು ಆ ಧ್ವನಿಯಿಂದ.

ಕೈ ಮುಟ್ಟದೆ ಒಂದು ಇಮೇಲಿಗೆ ಉತ್ತರ ಬರೆಯುವುದು ಹೇಗಿತ್ತು ಎಂದು ವಿವರವಾಗಿಯೇ ಹೇಳಬೇಕು. ಇದನ್ನು ಮಾಡಿದವರು ನಮ್ಮಲ್ಲಿ ಕಡಿಮೆ. ಮೊದಲು ಮೈಕನ್ನು ಎಚ್ಚರಿಸುವ ಮಾತು. ಅಂಚೆಪೆಟ್ಟಿಗೆ ತೆರೆಯುವ ಮಾತು. ನನಗೆ ಬೇಕಾದ ಪತ್ರ ಏಳನೆಯದಾದರೆ ಆರು ಸಾಲು ಕೆಳಗಿಳಿ ಎಂಬ ಮಾತು. ಹೆಸರಿಲ್ಲದ ಗುಂಡಿಯನ್ನು ಒತ್ತಬೇಕಾದರೆ ಪರದೆಯನ್ನು ಒಂಬತ್ತು ಚೌಕ ಮಾಡುವ ಆಜ್ಞೆ ಇತ್ತು. ಐದು ಎಂದರೆ ನಡುವಿನ ಚೌಕ ಮತ್ತೆ ಒಂಬತ್ತಾಗುತ್ತದೆ. ಎರಡು ಎಂದರೆ ಅದರೊಳಗಿನ ಎರಡನೆಯದು. ಹೀಗೆ ನಾಲ್ಕು ಸಲ ಅಂಕಿ ಹೇಳಿದ ಮೇಲೆ ಬಾಣ ಗುಂಡಿಯ ಮೇಲೆ ಬಂದು ನಿಲ್ಲುತ್ತಿತ್ತು. ಆಮೇಲೆ ಒಕ್ಕಣೆ. ಪೂರ್ಣವಿರಾಮ, ಅಲ್ಪವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು.

ತಂತ್ರಾಂಶ ಊಹೆಯ ಮೇಲೆ ನಡೆಯುತ್ತಿತ್ತು. ಯಾವ ಧ್ವನಿಗೆ ಯಾವ ಪದ, ಯಾವ ಪದದ ಹಿಂದೆ ಯಾವುದು ಬರುವ ಸಂಭವ ಹೆಚ್ಚು ಎಂಬ ಲೆಕ್ಕ ಅದರದು. ತನ್ನ ಪಟ್ಟಿಯಲ್ಲಿ ಇಲ್ಲದ ಪದವನ್ನು ಅದು ಎಂದಿಗೂ ಬರೆಯಲಾರದು. ಬಸವನಗುಡಿ ಎಂದರೆ ತನಗೆ ಗೊತ್ತಿರುವ ಮೂರು ಇಂಗ್ಲಿಷ್ ಪದಗಳನ್ನು ಜೋಡಿಸಿ ಇಡುತ್ತಿತ್ತು. ಹಾಗಾಗಿ ಊರುಗಳ ಹೆಸರು, ಜನರ ಹೆಸರುಗಳನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಅಕ್ಷರ ಬಿಡಿಸಿ ಸೇರಿಸುತ್ತ ಹೋದೆ. ನಮ್ಮ ವಿಭಾಗದ ಹೆಸರುಗಳನ್ನೆಲ್ಲ ಸೇರಿಸಲು ಎರಡು ಶನಿವಾರ ಹಿಡಿಯಿತು.

ಒಕ್ಕಣೆಗಿಂತ ತಿದ್ದುವುದು ಕಷ್ಟ. ತಪ್ಪಿದ ಪದವನ್ನು ಆರಿಸು ಎಂದರೆ ಆ ಆಜ್ಞೆಯನ್ನೇ ಒಕ್ಕಣೆ ಎಂದು ತಿಳಿದು ಬರೆದುಬಿಡುತ್ತಿತ್ತು. ಅದನ್ನು ಅಳಿಸಲು ಹೇಳಿದ್ದೂ ಕೆಲವೊಮ್ಮೆ ಪತ್ರದಲ್ಲಿ ಮೂಡುತ್ತಿತ್ತು. ಒಂದು ತಪ್ಪು ನಾಲ್ಕಾಗುವುದು ಹೀಗೆ. ನಿಮಿಷಕ್ಕೆ ನೂರು ಪದ ಹೇಳಬಹುದಿತ್ತು. ತಿದ್ದಿ ಕಳಿಸುವ ಹೊತ್ತಿಗೆ ನನ್ನ ಹಳೆಯ ಟೈಪಿಂಗ್ ವೇಗದ ಅರ್ಧವೂ ಉಳಿಯುತ್ತಿರಲಿಲ್ಲ. ಯಂತ್ರ ತಪ್ಪಿದಷ್ಟೂ ಮನುಷ್ಯ ಧ್ವನಿ ಏರಿಸುತ್ತಾನೆ, ಅಕ್ಷರಗಳನ್ನು ಬಿಗಿಯಾಗಿ ಉಚ್ಚರಿಸುತ್ತಾನೆ. ಅದರಿಂದ ತಪ್ಪು ಇನ್ನೂ ಹೆಚ್ಚುತ್ತದೆ, ಗಂಟಲು ಒಡೆಯುತ್ತದೆ. ಮೂರನೆಯ ತಿಂಗಳಲ್ಲಿ ಸಂಜೆಯ ಹೊತ್ತಿಗೆ ನನಗೆ ಧ್ವನಿಯೇ ಇರುತ್ತಿರಲಿಲ್ಲ. ಕೈ ಉಳಿಸಲು ಹೋಗಿ ಗಂಟಲು ಕಳೆದುಕೊಳ್ಳುವ ಅಪಾಯವನ್ನು ಯಾರೂ ಹೇಳಿರಲಿಲ್ಲ. ಬಿಸಿನೀರಿನ ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು, ಗಂಟೆಗೆ ಹತ್ತು ನಿಮಿಷ ಮೌನವಾಗಿ ಇರುವುದನ್ನು ನಾನಾಗಿಯೇ ಕಲಿತೆ.

ಆಫೀಸಿನಲ್ಲಿ ಎದೆಯೆತ್ತರದ ಗೋಡೆಗಳ ನಡುವೆ ಎಂಟು ಜನ ಕೂರುತ್ತಿದ್ದೆವು. ನನ್ನ ಪ್ರತಿಯೊಂದು ಪತ್ರವೂ ಉಳಿದ ಏಳು ಜನರ ಕಿವಿಗೆ ಬೀಳುತ್ತಿತ್ತು. ಯಾರದೋ ಕೆಲಸದಲ್ಲಿ ತಪ್ಪಿದೆ ಎಂದು ಬರೆಯಬೇಕಾದರೆ ಆ ಮನುಷ್ಯ ಎರಡು ಅಡಿ ದೂರದಲ್ಲಿ ಕೂತಿರುತ್ತಿದ್ದ. ನನ್ನ ಕಾಯಿಲೆಯ ರಜೆಯ ಬಗ್ಗೆ, ಸಂಬಳದ ಬಗ್ಗೆ ಬರೆಯುವುದಿದ್ದರೆ ರಾತ್ರಿ ಮನೆಯಿಂದ ಬರೆಯುತ್ತಿದ್ದೆ. ಕೈಯಲ್ಲಿ ಬರೆಯುವವನಿಗೆ ತನ್ನ ಪತ್ರ ಗುಟ್ಟಾಗಿ ಉಳಿಯುತ್ತದೆ ಎಂಬುದು ಒಂದು ಸವಲತ್ತು ಎಂದು ತೋರುವುದೇ ಇಲ್ಲ.

ಆ ದಿನಗಳಲ್ಲಿ ಅಮ್ಮ ನೋಡಿಕೊಳ್ಳಲು ಬಂದು ಇದ್ದರು. ಒಂದು ರಾತ್ರಿ ಬಾಗಿಲಲ್ಲಿ ನಿಂತು ಕೇಳಿದರು, “ಯಾರ ಹತ್ರ ಮಾತಾಡ್ತಿದೀಯೇ? ಫೋನೂ ಕೈಲಿಲ್ಲ.”

“ಕಾಗದ ಬರೀತಿದೀನಮ್ಮ.”

“ಕನ್ನಡದಲ್ಲಿ ಹೇಳಿದ್ರೆ ಬರಿಯಲ್ವಾ ಅದು?”

ಬರೆಯುವುದಿಲ್ಲ ಎಂದೆ. ಅಮ್ಮನಿಗೆ ಊರಲ್ಲಿದ್ದ ತನ್ನ ತಂಗಿಗೆ ಕಾಗದ ಬರೆಸಬೇಕಿತ್ತು. ನನ್ನ ಕೈ ನೆಟ್ಟಗಿಲ್ಲ, ಯಂತ್ರಕ್ಕೆ ಕನ್ನಡ ಬಾರದು. ಪಕ್ಕದ ಮನೆಯ ಹುಡುಗನನ್ನು ಕರೆದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಸಿದೆವು.

ವರ್ಷವೊಂದು ಕಳೆಯುವಷ್ಟರಲ್ಲಿ ಕೈ ಸುಮಾರಾಗಿ ಸುಧಾರಿಸಿತು, ಪೂರ್ತಿ ಅಲ್ಲ. ಮುಂದೆ ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯಲು ಕೂತಾಗ ನೋವು ಮತ್ತೆ ಮರಳಿತು. ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸೊಗಸಾದದ್ದು, ಕಲಿಯಲು ಸುಲಭ. ಆದರೆ ಪ್ರತಿ ಒತ್ತಕ್ಷರಕ್ಕೂ ಎಡಗೈ ತೋರುಬೆರಳಿನಿಂದ ಎಫ್ ಒತ್ತಬೇಕು. ಸ್ತ್ರೀ ಎಂಬ ಒಂದಕ್ಷರಕ್ಕೆ ಎರಡು ಎಫ್, ಶಿಫ್ಟ್ ಬೇರೆ. ಕನ್ನಡ ಗದ್ಯದಲ್ಲಿ ಒತ್ತಿಲ್ಲದ ಸಾಲು ಎಲ್ಲಿದೆ? ಇಂಗ್ಲಿಷನ್ನು ಬಾಯಲ್ಲೂ ಕನ್ನಡವನ್ನು ನೋಯುವ ಬೆರಳಲ್ಲೂ ಬರೆಯುತ್ತ ಹತ್ತು ಹನ್ನೆರಡು ವರ್ಷ ಕಳೆದೆ.

ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಬಹಳ ಆಗಿಹೋಗಿತ್ತು. ಡ್ರ್ಯಾಗನನ್ನು 2000ದಲ್ಲಿ ಬೆಲ್ಜಿಯಂನ ಲರ್ನೌಟ್ ಅಂಡ್ ಹೌಸ್ಪಿ ಕೊಂಡಿತು, ಬಹುಬೇಗ ಆ ಕಂಪನಿ ಲೆಕ್ಕಪತ್ರದ ವಂಚನೆಯಲ್ಲಿ ಮುಳುಗಿತು. ತಂತ್ರಾಂಶ ಕೈ ಬದಲಾಗಿ ನ್ಯೂಯಾನ್ಸ್‌ಗೆ, ಬಹಳ ಮುಂದೆ 2022ರಲ್ಲಿ ಮೈಕ್ರೋಸಾಫ್ಟ್‌ಗೆ ಸೇರಿತು. 2007ರಲ್ಲಿ ವಿಂಡೋಸ್ ವಿಸ್ಟಾದ ಒಳಗೇ ಮಾತು ಕೇಳುವ ಸೌಲಭ್ಯ ಬಂತು.

ಅಂಚೆಯೂ ಬ್ರೌಸರಿಗೆ ಹೋಯಿತು. ಅಲ್ಲಿ ಒಂದು ಹೊಸ ತೊಂದರೆ. ನಾನು ಬಳಸುತ್ತಿದ್ದ ವೆಬ್‌ಮೇಲಿನಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ಟೈಪ್ ಮಾಡುವವರಿಗೆ ಅನುಕೂಲವೆಂದು ಮಾಡಿದ್ದು. ಆದರೆ ಕರ್ಸರ್ ಒಕ್ಕಣೆಯ ಜಾಗದಿಂದ ಜಾರಿದ್ದು ನನಗೆ ಕಾಣದೆ, ನಾನು ಒಂದು ವಾಕ್ಯ ಹೇಳಿದರೆ ಅದರ ಒಂದೊಂದು ಅಕ್ಷರವೂ ಆಜ್ಞೆಯಾಗುತ್ತಿತ್ತು. ಒಂದು ಮಧ್ಯಾಹ್ನ ಹನ್ನೊಂದು ಪದಗಳ ಒಂದು ವಾಕ್ಯ ಹೇಳಿ ಮುಗಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಪತ್ರಗಳು ಕಣ್ಮರೆಯಾಗಿದ್ದವು. ಅವನ್ನು ಹುಡುಕಿ ಹಿಂದಕ್ಕೆ ತರಲು ಸಂಜೆಯಾಯಿತು. ಆಗ ನನ್ನದೇ ತಪ್ಪೆಂದು ತಿಳಿದಿದ್ದೆ. ಆದರೆ ಮಾತಿನಿಂದ ಕಂಪ್ಯೂಟರ್ ನಡೆಸುವ ಬೇರೆಯವರೂ ಇದೇ ದೂರನ್ನು ಹೇಳುತ್ತಿದ್ದರು. 2018ರ ಜೂನ್‌ನಲ್ಲಿ ಬಂದ, ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆನ್ನುವ ಡಬ್ಲ್ಯುಸಿಎಜಿ 2.1 ಮಾನದಂಡದಲ್ಲಿ ಇದಕ್ಕೇ ಒಂದು ನಿಯಮ ಸೇರಿತು: ಒಂಟಿ ಅಕ್ಷರದ ಆಜ್ಞೆಗಳನ್ನು ನಿಲ್ಲಿಸಲು ಅಥವಾ ಬದಲಿಸಲು ಬಳಕೆದಾರರಿಗೆ ದಾರಿ ಇರಬೇಕು. ಆ ನಿಯಮ ಬರೆದವರಿಗೆ ನಾನು ಋಣಿ.

ಕನ್ನಡ ಬಂದದ್ದು 2017ರ ಆಗಸ್ಟ್‌ನಲ್ಲಿ. ಗೂಗಲ್ ತನ್ನ ಮಾತಿನ ಟೈಪಿಂಗಿಗೆ ಒಟ್ಟಿಗೆ ಮೂವತ್ತು ಭಾಷೆಗಳನ್ನು ಸೇರಿಸಿತು, ಅದರಲ್ಲಿ ಕನ್ನಡವೂ ಇತ್ತು. ಫೋನಿನ ಮುಂದೆ “ನಾಳೆ ಬೆಳಿಗ್ಗೆ ಸಾಗರಕ್ಕೆ ಹೊರಡುತ್ತೇನೆ” ಎಂದೆ. ಒಂದು ದೀರ್ಘವೂ ತಪ್ಪದೆ ಮೂಡಿತು. ಧ್ವನಿಯ ಪರಿಚಯ ಮಾಡಿಸಬೇಕಾಗಲಿಲ್ಲ, ನಾಲಿಗೆ ಮಡಚಬೇಕಾಗಲಿಲ್ಲ. ಸಾಗರದವಳಾಗಿಯೇ ಮಾತಾಡಿದೆ.

ಇದು ಸಣ್ಣ ಸಾಧನೆಯಲ್ಲ. ಕನ್ನಡದಲ್ಲಿ ಒಂದು ಧಾತುವಿಗೆ ಪ್ರತ್ಯಯಗಳು ಒಂದರ ಮೇಲೊಂದು ಸೇರುತ್ತವೆ. ‘ಹೋಗಬೇಕಾಗಿತ್ತಲ್ಲ’ ಎಂಬುದು ಒಂದೇ ಪದ. ಪದಗಳ ಪಟ್ಟಿ ಮಾಡಿಟ್ಟು ಹಿಡಿಯುವ ಹಳೆಯ ಉಪಾಯಕ್ಕೆ ಇದು ಎಟುಕುವುದಿಲ್ಲ. ಆದರೂ ಒಂದು ಷರತ್ತು ಉಳಿದಿದೆ: ಪತ್ರ ಸರಿಯಾಗಿ ಮೂಡಬೇಕಾದರೆ ಬರಹದ ಕನ್ನಡವನ್ನು ಬಾಯಲ್ಲಿ ಆಡಬೇಕು. ಮನೆಯಲ್ಲಿ ‘ಹೊರಡ್ತೀನಿ’ ಎನ್ನುವವಳು ಮೈಕಿನ ಮುಂದೆ ‘ಹೊರಡುತ್ತೇನೆ’ ಎನ್ನುತ್ತೇನೆ. ಹಕಾರ ಬಿಟ್ಟು ಮಾತಾಡುವ ಕಡೆಯವರು, ಧಾರವಾಡ, ಕಲಬುರಗಿಯ ಕಡೆಯವರು ತಮ್ಮ ಮಾತನ್ನು ಇನ್ನೂ ಹೆಚ್ಚು ಬಾಗಿಸಿಕೊಳ್ಳಬೇಕಾಗುತ್ತದೆ.

ಈಗ ಅಮ್ಮನಿಗೆ ಎಂಬತ್ತೆರಡು, ಸಂಧಿವಾತದಿಂದ ಬೆರಳು ಮಡಚುವುದಿಲ್ಲ. ತಂಗಿಗೆ ತಾವೇ ಹೇಳಿ ಬರೆಸಿ ಕಳಿಸುತ್ತಾರೆ, 1999ರಲ್ಲಿ ಆಗದಿದ್ದದ್ದು. ಆದರೆ ಮೈಕಿನ ಗುರುತನ್ನು ಬೆರಳಿನಿಂದಲೇ ಒತ್ತಬೇಕು. ಒಂದು ಪದ ತಪ್ಪಿತೆಂದರೆ ಫೋನು ಮೊಮ್ಮಗನ ಕೈಗೆ ಹೋಗುತ್ತದೆ, ಅವನು ತಿದ್ದಿಕೊಡುವವರೆಗೆ ಕಾಯುತ್ತಾರೆ.

ನನ್ನದೂ ಅದೇ ಕಥೆ. ಇಂಗ್ಲಿಷ್ ಇಮೇಲಾದರೆ ಇಂದು ಕೈ ಮುಟ್ಟದೆ ಓದಿ, ಉತ್ತರಿಸಿ, ತಿದ್ದಿ, ಕಳಿಸುತ್ತೇನೆ. ಇಂಥ ಸೌಲಭ್ಯ 2019ರಲ್ಲಿ ಆಪಲ್‌ನಲ್ಲಿ, 2022ರಲ್ಲಿ ವಿಂಡೋಸ್ 11ರಲ್ಲಿ ದುಡ್ಡಿಲ್ಲದೆ ಬಂತು. ಕನ್ನಡ ಇಮೇಲಾದರೆ ಒಕ್ಕಣೆ ಮಾತ್ರ ಬಾಯಲ್ಲಿ. ನನ್ನ ಫೋನಿನಲ್ಲಿ ಕನ್ನಡದ ವಾಕ್ಯಕ್ಕೆ ಪೂರ್ಣವಿರಾಮವನ್ನು ಬೆರಳಿನಿಂದ ಇಡುತ್ತೇನೆ. ‘ಆ ಪದ ಅಳಿಸು’, ‘ಹಿಂದಿನ ಸಾಲಿಗೆ ಹೋಗು’, ‘ಕಳಿಸು’ ಎಂದು ಕನ್ನಡದಲ್ಲಿ ಹೇಳಿದರೆ ಅವೂ ಪತ್ರದಲ್ಲಿ ಮೂಡುತ್ತವೆ, 1999ರಲ್ಲಿ ಮೂಡುತ್ತಿದ್ದ ಹಾಗೆಯೇ. ಹೇಳಿ ಬರೆಸುವುದು ಬೇರೆ, ಕೈಯಿಲ್ಲದೆ ನಡೆಸುವುದು ಬೇರೆ. ಕೈ ನೆಟ್ಟಗಿರುವವರಿಗೆ ಮೊದಲನೆಯದು ಅನುಕೂಲ. ಕೈ ಹೋದವರಿಗೆ ಎರಡನೆಯದು ಬೇಕೇಬೇಕು, ಅದೂ ಅವರಿಗೆ ಬರುವ ಒಂದೇ ಭಾಷೆಯಲ್ಲಿ. ಇಂಗ್ಲಿಷ್ ಕಲಿತಿದ್ದರಿಂದ ನಾನು ಪಾರಾದೆ. ಹೊಲದಲ್ಲೋ ಕಾರ್ಖಾನೆಯಲ್ಲೋ ಕೈ ಕಳೆದುಕೊಂಡ ಕನ್ನಡಿಗನಿಗೆ ಆ ದಾರಿಯಿಲ್ಲ.

ಕನ್ನಡಕ್ಕೆ ತಂತ್ರಾಂಶ ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ಒಂದು ದಿನ ಕೀಬೋರ್ಡ್, ಮೌಸ್ ಎರಡನ್ನೂ ಕಿತ್ತಿಟ್ಟು, ಪರದೆಯನ್ನೂ ಮುಟ್ಟದೆ, ನಿಮಗೆ ಬಂದ ಒಂದು ಇಮೇಲಿಗೆ ಕನ್ನಡದಲ್ಲೇ ಹೇಳಿ, ಕನ್ನಡದಲ್ಲೇ ತಿದ್ದಿ, ಕನ್ನಡದಲ್ಲೇ ‘ಕಳಿಸು’ ಎಂದು ನೋಡಿ. ಎಲ್ಲಿ ನಿಂತುಹೋಯಿತೋ ಅಲ್ಲಿಂದ ಕೆಲಸ ಶುರುಮಾಡಿ.