ಲೇಹದ ನೀರುಗಂಟಿ

ಯಲಹಂಕದಿಂದ ಬೆನ್ನಿಗೊಂದು ಚೀಲ ಹೊತ್ತು ಹೊರಟ ನನಗೆ ಲೇಹ್ ನಗರವು ಮೊದಲು ಕಲಿಸಿದ್ದು ನಿಧಾನವಾಗಿ ನಡೆಯುವುದನ್ನು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದರೆ ಲೇಹ್ ಇರುವುದು ಸುಮಾರು 3,500 ಮೀಟರಿನಲ್ಲಿ. ಎರಡು ದಿನ ಹತ್ತು ಮೆಟ್ಟಿಲೇರಿದರೂ ಎದೆ ಡವಡವಿಸುತ್ತಿತ್ತು. ಮೂರನೆಯ ದಿನ, 17ನೆಯ ಶತಮಾನದಲ್ಲಿ ದೊರೆ ಸೆಂಗೆ ನಂಗ್ಯಾಲನು ಕಟ್ಟಿಸಿದ ಒಂಬತ್ತು ಅಂತಸ್ತಿನ ಅರಮನೆಯವರೆಗೆ ಹತ್ತಿ ಕೆಳಗೆ ನೋಡಿದೆ. ಸುತ್ತಲೂ ಬೋಳು ಬೆಟ್ಟ, ನಡುವೆ ಹಸಿರಿನ ಪಟ್ಟಿ! ವರ್ಷಕ್ಕೆ ಸುಮಾರು 100 ಮಿಲಿಮೀಟರು ಮಳೆ ಬೀಳುವ ಊರಿಗೆ ಈ ಹಸಿರು ಎಲ್ಲಿಂದ ಬಂದಿತು?

ಹಿಮ ಕರಗಿದ ನೀರಿನಿಂದ, ಎಂದರು ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ, ಕೈಯಲ್ಲಿನ ಪ್ರಾರ್ಥನಾಚಕ್ರವನ್ನು ತಿರುಗಿಸುತ್ತಲೇ. ಆ ನೀರು 'ಯುರಾ' ಎಂಬ ಕಾಲುವೆಗಳಲ್ಲಿ ಹರಿದು ಬರುವುದಂತೆ. ಯಾರ ಹೊಲಕ್ಕೆ ಯಾವಾಗ ಬಿಡಬೇಕೆಂಬುದನ್ನು 'ಚುರ್ಪೋನ್' ಎಂಬವನು ನಿರ್ಧರಿಸುವನಂತೆ. ನನಗೆ ರೋಮಾಂಚನವಾಯಿತು. ಇವನು ನಮ್ಮ ನೀರುಗಂಟಿಯೇ ಅಲ್ಲವೆ! ನಮ್ಮ ತಾತನವರು ಯಲಹಂಕದ ಕಡೆಯ ಕೆರೆಯೊಂದರ ತೂಬು ಕಾಯುತ್ತಿದ್ದವರು. ಅದರ ಅಚ್ಚುಕಟ್ಟಿನಲ್ಲಿ ಈಗ ನಿವೇಶನಗಳಿವೆ. 2024ರ ಬೇಸಗೆಯಲ್ಲಿ ನಾವು ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾದೆವು.

ಅಜ್ಜಿಯ ಮನೆಯ ಶೌಚಗೃಹಕ್ಕೆ ನೀರೇ ಬೇಡ. ಮೇಲಿಷ್ಟು ಮಣ್ಣು ಸುರಿದರಾಯಿತು, ಕಡೆಗೆ ಹೊಲಕ್ಕೆ ಗೊಬ್ಬರ. ಆದರೆ ಪ್ರವಾಸಿಗಳ ಸ್ನಾನಕ್ಕೆಂದು ಹೋಟೆಲುಗಳವರು ಕೊಳವೆಬಾವಿ ತೋಡಿಸಿದ್ದಾರೆ. (ಕೊಳವೆಬಾವಿಯ ಕಥೆಯನ್ನು ಬೆಂಗಳೂರಿನವರಿಗೆ ಯಾರೂ ಹೇಳಬೇಕಾದುದಿಲ್ಲ.)

"ನಿಮ್ಮ ಊರಿನ ಚುರ್ಪೋನ್ ಈಗ ಏನು ಮಾಡುತ್ತಾನೆ?" ಎಂದು ಅಜ್ಜಿ ಮುರುಕು ಹಿಂದಿಯಲ್ಲಿ ಕೇಳಿದರು.

"ನಮ್ಮ ತಾತನೇ ಕಡೆಯವರು" ಎಂದೆ.

ಆಕೆ ಏನೂ ಹೇಳದೆ ನನ್ನ ಬಟ್ಟಲಿಗೆ ಇನ್ನಷ್ಟು ಉಪ್ಪು-ಬೆಣ್ಣೆಯ ಚಹಾ ಸುರಿದರು.